ಲೊಮಾಸ್ನಿ ಬೀದಿಯ ಒಂಟಿ ಮನೆ

ಬಾಸ್ಟನ್ನಿಗೆ ಹೋದವರು ನೋಡಲೇಬೇಕಾದ ಜಾಗಗಳ ಪಟ್ಟಿ ಉದ್ದವಾಗಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಅಂಗಳ, ಎಂಐಟಿಯ ಗುಮ್ಮಟ, 1773ರಲ್ಲಿ ವಸಾಹತಿನ ಜನ ಚಹಾ ಪೆಟ್ಟಿಗೆಗಳನ್ನು ನೀರಿಗೆಸೆದ ಬಂದರು, ಚಾರ್ಲ್ಸ್ ನದಿಯ ದಂಡೆ. ಮಗಳು ಅಲ್ಲಿ ಓದುತ್ತಿರುವುದರಿಂದ ನಾನೂ ನನ್ನ ಹೆಂಡತಿಯೂ ಕಳೆದ ವರ್ಷದ ಅಕ್ಟೋಬರಿನಲ್ಲಿ ಹೋಗಿ, ಮೊದಲ ವಾರದಲ್ಲೇ ಇವೆಲ್ಲವನ್ನೂ ನೋಡಿ ಮುಗಿಸಿದೆವು. ಮರಗಳೆಲ್ಲ ಕೆಂಪು, ಹಳದಿ, ಕೇಸರಿ ಬಣ್ಣಕ್ಕೆ ತಿರುಗಿದ್ದವು. ಹೆಂಡತಿ ಎಲೆ ಆರಿಸಿ ಪುಸ್ತಕದ ನಡುವೆ ಇಡುತ್ತಿದ್ದಳು. ನಾನು ನಿವೃತ್ತ ಮೇಷ್ಟ್ರು. ಕಂಡಕಂಡ ಫಲಕಗಳನ್ನೆಲ್ಲ ನಿಂತು ಓದುತ್ತಿದ್ದೆ.

ಎರಡನೆಯ ವಾರದ ಶನಿವಾರ ಮಗಳು, ‘ಅಪ್ಪಾ, ಇವತ್ತು ನಿನಗೆ ಇಲ್ಲದ ಊರೊಂದನ್ನು ತೋರಿಸ್ತೀನಿ’ ಎಂದಳು. ಅವಳು ಓದುತ್ತಿರುವುದು ಸಾರ್ವಜನಿಕ ಆರೋಗ್ಯ. ತರಗತಿಯಲ್ಲಿ ಓದಲು ಕೊಟ್ಟ ಹಳೆಯದೊಂದು ಅಧ್ಯಯನ ಅವಳಿಗೆ ತನ್ನ ಅಜ್ಜಿಯನ್ನು ನೆನಪಿಸಿತಂತೆ. ಅಜ್ಜಿ ಎಂದರೆ ನನ್ನ ತಾಯಿ. ಬಾಗಲಕೋಟೆಯಲ್ಲಿ ಹುಟ್ಟಿ, ಬಾಗಲಕೋಟೆಯಲ್ಲೇ ಮದುವೆಯಾಗಿ, ಬಾಗಲಕೋಟೆಯಲ್ಲೇ ತೀರಿಕೊಂಡವಳು. ಅಮೆರಿಕದ ಅಧ್ಯಯನಕ್ಕೂ ಆಕೆಗೂ ಎಲ್ಲಿಂದೆಲ್ಲಿಯ ಸಂಬಂಧ? ಕುತೂಹಲದಿಂದಲೇ ಹೊರಟೆ.

ಹಸಿರು ಮಾರ್ಗದ ರೈಲು ಹತ್ತಿ ‘ಸೈನ್ಸ್ ಪಾರ್ಕ್–ವೆಸ್ಟ್ ಎಂಡ್’ ಎಂಬ ನಿಲ್ದಾಣದಲ್ಲಿ ಇಳಿದೆವು. ನಿಲ್ದಾಣ ನೆಲದಿಂದ ಮೇಲಕ್ಕಿದೆ. ಅಲ್ಲಿಂದ ನೋಡಿದರೆ ಒಂದು ಕಡೆ ನದಿ, ವಿಜ್ಞಾನ ಸಂಗ್ರಹಾಲಯ. ಇನ್ನೊಂದು ಕಡೆ ಎತ್ತರದ ವಸತಿ ಗೋಪುರಗಳು, ಅವುಗಳ ನಡುವೆ ಕತ್ತರಿಸಿದ ಹುಲ್ಲು, ವಾಹನ ನಿಲ್ಲಿಸುವ ಕಟ್ಟಡಗಳು. ಎಲ್ಲವೂ ಸ್ವಚ್ಛ. ಆದರೆ ಶನಿವಾರದ ಬೆಳಗಿನ ಹತ್ತು ಗಂಟೆಗೂ ಹೊರಗೆ ಮನುಷ್ಯರು ವಿರಳ. ನಾಯಿ ಹಿಡಿದು ನಡೆಯುತ್ತಿದ್ದ ಒಬ್ಬರು ನಮ್ಮನ್ನು ನೋಡಿ ನಕ್ಕು ಮುಂದೆ ಹೋದರು. ಅಷ್ಟೇ.

‘ಇಲ್ಲಿ ಒಂದು ಕೇರಿ ಇತ್ತು’ ಎಂದಳು ಮಗಳು.

ನೆಲಸಮವಾದ ಕೇರಿ

ವೆಸ್ಟ್ ಎಂಡ್ ಎಂದರೆ ಪಶ್ಚಿಮದ ತುದಿ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಯುರೋಪಿನ ಬಡ ದೇಶಗಳಿಂದ ಹಡಗು ಹತ್ತಿ ಬಂದವರು ನೆಲೆಯೂರಿದ ಜಾಗ. ಐರಿಷ್ ಜನ, ಪೂರ್ವ ಯುರೋಪಿನ ಯಹೂದಿಗಳು, ಪೋಲೆಂಡಿನವರು, ಉಕ್ರೇನಿನವರು, ಎಲ್ಲರಿಗಿಂತ ಕೊನೆಗೆ ದೊಡ್ಡ ಸಂಖ್ಯೆಯಲ್ಲಿ ಇಟಲಿಯವರು. ಇಟ್ಟಿಗೆಯ ಮೂರು, ನಾಲ್ಕು, ಐದು ಅಂತಸ್ತಿನ ಮನೆಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿದ್ದವು. ಚೇಂಬರ್ಸ್ ಸ್ಟ್ರೀಟ್, ಪಾಪ್ಲರ್ ಸ್ಟ್ರೀಟ್, ಸ್ಪ್ರಿಂಗ್ ಸ್ಟ್ರೀಟ್ ಎಂದು ಕಿರಿದಾದ ಬೀದಿಗಳು. ‘ಸ್ಟಾರ್ ಟ್ರೆಕ್’ ಧಾರಾವಾಹಿಯಲ್ಲಿ ಚೂಪು ಕಿವಿಯ ಸ್ಪಾಕ್ ಆಗಿ ಜಗತ್ತಿಗೆಲ್ಲ ಪರಿಚಿತನಾದ ನಟ ಲೆನಾರ್ಡ್ ನಿಮೋಯ್ 1931ರಲ್ಲಿ ಹುಟ್ಟಿದ್ದು ಈ ಕೇರಿಯಲ್ಲೇ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ನಗರಗಳಿಗೆ ಒಂದು ಚಿಂತೆ ಹತ್ತಿತು. ಅನುಕೂಲಸ್ಥರು ಕಾರು ಕೊಂಡು ಉಪನಗರಗಳಿಗೆ ಹೋಗುತ್ತಿದ್ದರು. ನಗರಸಭೆಗಳಿಗೆ ತೆರಿಗೆ ಕಡಿಮೆಯಾಗುತ್ತಿತ್ತು. 1949ರ ವಸತಿ ಕಾಯ್ದೆ ಇದಕ್ಕೊಂದು ದಾರಿ ತೋರಿಸಿತು. ‘ಕೊಳಚೆ’ ಎಂದು ಘೋಷಿಸಿದ ಪ್ರದೇಶವನ್ನು ನಗರ ಕೊಂಡುಕೊಂಡು, ಕೆಡವಿ, ಹೊಸ ಕಟ್ಟಡ ಕಟ್ಟುವವರಿಗೆ ಅಗ್ಗವಾಗಿ ಕೊಡಬಹುದು. ಅದರಲ್ಲಾಗುವ ನಷ್ಟದ ಮೂರನೇ ಎರಡು ಪಾಲನ್ನು ಕೇಂದ್ರ ಸರ್ಕಾರ ತುಂಬಿಕೊಡುತ್ತದೆ. ಈ ಕಾರ್ಯಕ್ಕೆ ‘ನಗರ ನವೀಕರಣ’ ಎಂಬ ಚಂದದ ಹೆಸರೂ ಬಂತು.

ಬಾಸ್ಟನ್ ನಗರ ವೆಸ್ಟ್ ಎಂಡನ್ನು ಕೆಡವುವ ಯೋಜನೆಯನ್ನು 1953ರಲ್ಲಿ ಪ್ರಕಟಿಸಿತು. ಐದು ವರ್ಷ ಅದು ಮಾತಾಗಿಯೇ ಉಳಿಯಿತು. ಜನ ಅರ್ಧ ನಂಬಿದರು, ಅರ್ಧ ನಂಬಲಿಲ್ಲ. 1958ರ ಏಪ್ರಿಲಿನಲ್ಲಿ ನಗರ ಕೇರಿಯನ್ನು ಸ್ವಾಧೀನಕ್ಕೆ ತೆಗೆದುಕೊಂಡಿತು. ಸುಮಾರು 2,700 ಕುಟುಂಬಗಳು ಮನೆ ಬಿಟ್ಟವು. 1960ರ ಹೊತ್ತಿಗೆ ಬೀದಿಗಳೂ ಉಳಿಯಲಿಲ್ಲ. ಅಲ್ಲಿ ‘ಚಾರ್ಲ್ಸ್ ರಿವರ್ ಪಾರ್ಕ್’ ಎಂಬ ಗೋಪುರ ಸಮುಚ್ಚಯ ಎದ್ದಿತು. ಅದರ ಬಾಡಿಗೆ ಕೊಡುವ ಶಕ್ತಿ ಅಲ್ಲಿಂದ ಹೋದವರಿಗೆ ಇರಲಿಲ್ಲ. ಪಕ್ಕದ ಸ್ಟೋರೋ ಡ್ರೈವ್ ಹೆದ್ದಾರಿಯಲ್ಲಿ ಸಂಜೆ ಸಾಲುಗಟ್ಟಿ ನಿಂತ ಕಾರುಗಳಿಗೆ ಕಾಣುವಂತೆ ಒಂದು ಫಲಕ ಹಾಕಿದ್ದರು: ನೀವು ಇಲ್ಲಿ ವಾಸವಿದ್ದಿದ್ದರೆ ಇಷ್ಟು ಹೊತ್ತಿಗೆ ಮನೆಯಲ್ಲಿರುತ್ತಿದ್ದಿರಿ. ಕಾರಿನವರಿಗೆ ಅದು ಜಾಣ ಜಾಹೀರಾತು. ಅಲ್ಲಿ ವಾಸವಿದ್ದು ಹೋದವರಿಗೆ?

ಉಳಿದ ಒಂದು

ನಿಲ್ದಾಣದಿಂದ ಸ್ವಲ್ಪ ದೂರ ನಡೆದು ಲೊಮಾಸ್ನಿ ಬೀದಿಗೆ ಬಂದೆವು. ಒಂದು ಕಾಲದಲ್ಲಿ ಈ ವಲಯವನ್ನೇ ಆಳಿದ ರಾಜಕೀಯ ಧುರೀಣ ಮಾರ್ಟಿನ್ ಲೊಮಾಸ್ನಿಯ ಹೆಸರು ಅದು. ಅಲ್ಲಿ 42ನೇ ನಂಬರಿನ ಮನೆ ಒಂಟಿಯಾಗಿ ನಿಂತಿದೆ. ಇಟ್ಟಿಗೆಯ ಕಿರಿದಾದ ಕಟ್ಟಡ. ಅಕ್ಕಪಕ್ಕದ ಮನೆಗಳು ಹೋಗಿ, ಎರಡೂ ಬದಿಗೆ ಬೋಳುಗೋಡೆ. ಸುತ್ತ ರಸ್ತೆಗಳು, ದೊಡ್ಡ ಕಟ್ಟಡಗಳು, ಬ್ಯಾಸ್ಕೆಟ್‌ಬಾಲ್ ಕ್ರೀಡಾಂಗಣ. ಇಡೀ ಬಾಯಿಯ ಹಲ್ಲು ಕಿತ್ತು ಒಂದನ್ನು ಮಾತ್ರ ಬಿಟ್ಟ ಹಾಗೆ. ‘ಕೊನೆಯ ಮನೆ’ ಎಂದೇ ಅದನ್ನು ಕರೆಯುತ್ತಾರೆ.

ಅದನ್ನು ನೋಡುತ್ತ ನಿಂತಾಗ ನನಗೆ ನಮ್ಮ ಓಣಿಯ ನೆನಪಾಯಿತು. ಆಲಮಟ್ಟಿ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರಿ ಬಂದ ವರ್ಷಗಳಲ್ಲಿ ಹಳೆ ಬಾಗಲಕೋಟೆಯ ತಗ್ಗಿನ ಭಾಗಗಳನ್ನು ಖಾಲಿ ಮಾಡಿಸಿದರು. ನಾವು 2001ರಲ್ಲಿ ನವನಗರಕ್ಕೆ ಬಂದೆವು. ಹಳೆಯ ಓಣಿಗೆ ಒಮ್ಮೆ ಹೋದಾಗ ಮನೆಗಳ ಬಾಗಿಲು, ಕಿಟಕಿ, ತೊಲೆಗಳನ್ನು ಬಿಚ್ಚಿ ಒಯ್ದಿದ್ದರು. ನಮ್ಮ ಮನೆಯ ಕಟ್ಟೆ ಮಾತ್ರ ಹಾಗೇ ಇತ್ತು. ತಾಯಿ ಅದರ ಮೇಲೆ ಸ್ವಲ್ಪ ಹೊತ್ತು ಕೂತಳು, ಎದ್ದಳು. ಏನೂ ಮಾತಾಡಲಿಲ್ಲ.

ನವನಗರವನ್ನು ದೂರುವುದು ನ್ಯಾಯವಲ್ಲ. ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯ ಯೋಜನೆ ರೂಪಿಸಿದ ಊರು. ಅಗಲವಾದ ರಸ್ತೆ, ಗಾಳಿ, ಬೆಳಕು, ಮನೆಯ ಮುಂದೆ ಗಿಡ ನೆಡಲು ಜಾಗ. ಹಳೆಯ ಓಣಿಯಲ್ಲಿ ಇದ್ಯಾವುದೂ ಇರಲಿಲ್ಲ. ಮಕ್ಕಳಿಗೆ, ನನ್ನಂಥ ನೌಕರದಾರರಿಗೆ ಅನುಕೂಲವೇ ಆಯಿತು. ಆದರೆ ತಾಯಿಗೆ ನಿದ್ದೆ ಹೋಯಿತು. ಎದೆಯಲ್ಲಿ ಭಾರ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ, ಕೂತಲ್ಲೇ ದೊಡ್ಡ ನಿಟ್ಟುಸಿರು, ಊಟ ಬೇಡ. ಡಾಕ್ಟರಿಗೆ ತೋರಿಸಿದೆವು. ಇಸಿಜಿ ತೆಗೆದರು, ರಕ್ತ ಪರೀಕ್ಷೆ ಮಾಡಿದರು. ಎಲ್ಲಾ ಸರಿ ಇದೆ, ವಯಸ್ಸಾಯ್ತಲ್ಲ ಎಂದರು. ನಾನೂ ಹಾಗೇ ಅಂದುಕೊಂಡೆ. ‘ಇಲ್ಲಿ ಎಲ್ಲಾ ಐತಿ ನೋಡಪ್ಪ, ಆದ್ರ ಯಾರೂ ಇಲ್ಲ’ ಎಂದು ಆಕೆ ಒಮ್ಮೆ ಅಂದದ್ದನ್ನು ನಾನು ಮುದುಕರ ಗೊಣಗಾಟ ಎಂದು ತಳ್ಳಿಹಾಕಿದೆ. ಎರಡು ವರ್ಷದೊಳಗೆ ಆಕೆ ತೀರಿಕೊಂಡಳು.

ದುಃಖಕ್ಕೆ ಹೆಸರು ಕೊಟ್ಟ ವೈದ್ಯ

ಒಂಟಿ ಮನೆಯಿಂದ ಸ್ಟ್ಯಾನಿಫೋರ್ಡ್ ಸ್ಟ್ರೀಟಿನಲ್ಲಿರುವ ವೆಸ್ಟ್ ಎಂಡ್ ಸಂಗ್ರಹಾಲಯಕ್ಕೆ ನಡೆದು ಹೋಗಬಹುದು. ವಸತಿ ಕಟ್ಟಡವೊಂದರ ಕೆಳ ಅಂತಸ್ತಿನಲ್ಲಿರುವ ಚಿಕ್ಕ ಜಾಗ. ರಾಜರ ಖಡ್ಗ, ಕಿರೀಟ ಇಲ್ಲಿಲ್ಲ. ಒಂದು ಕೇರಿಯ ಬೀದಿಗಳು, ಅಂಗಡಿಗಳು, ಜನರ ಕಥೆ ಮಾತ್ರ. ಚದುರಿಹೋದ ಜನ 1980ರ ದಶಕದಲ್ಲಿ ತಮಗಾಗಿಯೇ ‘ದಿ ವೆಸ್ಟ್ ಎಂಡರ್’ ಎಂಬ ಪತ್ರಿಕೆ ಹೊರಡಿಸಲು ಶುರುಮಾಡಿದರು. ಇಲ್ಲದ ಊರಿಗೊಂದು ಪತ್ರಿಕೆ! ಸಂಗ್ರಹಾಲಯ ಹುಟ್ಟಿದ್ದೂ ಅದೇ ಹಟದಿಂದ.

ಮಗಳು ಅಲ್ಲಿನ ಬೆಂಚಿನ ಮೇಲೆ ಕೂತು ತಾನು ಓದಿದ ಅಧ್ಯಯನದ ಕಥೆ ಹೇಳಿದಳು. ಅದು ಶುರುವಾಗುವುದು ಬೇರೊಂದು ದುರಂತದಿಂದ.

1942ರ ನವೆಂಬರ್ 28ರ ರಾತ್ರಿ ಬಾಸ್ಟನ್ನಿನ ಕೋಕನಟ್ ಗ್ರೋವ್ ಎಂಬ ನೈಟ್‌ಕ್ಲಬ್ಬಿಗೆ ಬೆಂಕಿ ಬಿದ್ದು 492 ಜನ ಸತ್ತರು. ಬದುಕುಳಿದವರಲ್ಲಿ ಅನೇಕರನ್ನು ಮ್ಯಾಸಚುಸೆಟ್ಸ್ ಜನರಲ್ ಆಸ್ಪತ್ರೆಗೆ ತಂದರು. ಆ ಆಸ್ಪತ್ರೆಯಲ್ಲಿ ಎರಿಕ್ ಲಿಂಡೆಮನ್ ಎಂಬ ಜರ್ಮನ್ ಮೂಲದ ಮನೋವೈದ್ಯರಿದ್ದರು. ಸುಟ್ಟಗಾಯ ಮಾಯುತ್ತ ಬಂದರೂ ಕೆಲವರು ಚೇತರಿಸಿಕೊಳ್ಳುತ್ತಿಲ್ಲ ಎಂಬುದನ್ನು ಅವರು ಗಮನಿಸಿದರು. ಅವರನ್ನೂ ಸತ್ತವರ ಬಂಧುಗಳನ್ನೂ ಮಾತಾಡಿಸಿದರು. 1944ರಲ್ಲಿ ಅವರು ಬರೆದ ಲೇಖನ ಇಂದಿಗೂ ವೈದ್ಯ ವಿದ್ಯಾರ್ಥಿಗಳು ಓದುವಂಥದು. ತೀವ್ರ ದುಃಖಕ್ಕೆ ದೇಹದಲ್ಲೇ ಲಕ್ಷಣಗಳಿವೆ ಎಂದು ಅವರು ಬರೆದರು: ಗಂಟಲು ಬಿಗಿಯುವುದು, ಉಸಿರು ಕಟ್ಟಿದಂತಾಗುವುದು, ಪದೇಪದೇ ನಿಟ್ಟುಸಿರು, ಹೊಟ್ಟೆಯಲ್ಲಿ ಟೊಳ್ಳು ಭಾವ, ಕೈಕಾಲಿನ ಬಲ ಕುಂದುವುದು.

ನಾನು ಹೆಂಡತಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಇಬ್ಬರಿಗೂ ಒಂದೇ ನೆನಪು.

ಆ ಆಸ್ಪತ್ರೆ ಇರುವುದು ವೆಸ್ಟ್ ಎಂಡಿನಲ್ಲೇ. 1846ರ ಅಕ್ಟೋಬರ್ 16ರಂದು ಈಥರ್ ಕೊಟ್ಟು ರೋಗಿಗೆ ನೋವಾಗದಂತೆ ಶಸ್ತ್ರಚಿಕಿತ್ಸೆ ಮಾಡಿ ಜಗತ್ತಿಗೆ ತೋರಿಸಿದ್ದು ಅದರ ಗುಮ್ಮಟದ ಕೆಳಗೆ. ಅಂಥ ಆಸ್ಪತ್ರೆಯ ನೆರೆಯಲ್ಲೇ ಒಂದು ಕೇರಿಯನ್ನು ಎಬ್ಬಿಸಲು ಹೊರಟಾಗ ಲಿಂಡೆಮನ್ನರಿಗೆ ಒಂದು ಪ್ರಶ್ನೆ ಹುಟ್ಟಿತು. ಸತ್ತವರಿಗಾಗಿ ಮನುಷ್ಯ ಹೀಗೆ ಕಾಯಿಲೆ ಬೀಳುವುದಾದರೆ, ಕಳೆದುಕೊಂಡ ಮನೆಗಾಗಿ, ಓಣಿಗಾಗಿ ಏನಾಗುತ್ತದೆ? ಅವರ ತಂಡ ಕೇರಿ ಒಡೆಯುವ ಮೊದಲೇ ಅಲ್ಲಿನವರನ್ನು ಸಂದರ್ಶಿಸಿತು. ಅವರು ಬೇರೆಡೆ ಹೋಗಿ ಎರಡು ವರ್ಷವಾದ ಮೇಲೆ ಮತ್ತೆ ಹುಡುಕಿಕೊಂಡು ಹೋಗಿ ಮಾತಾಡಿಸಿತು.

ತಂಡದ ಮಾರ್ಕ್ ಫ್ರೀಡ್ ಎಂಬ ಮನಶ್ಶಾಸ್ತ್ರಜ್ಞರು 1963ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರ ಲೇಖನದ ತಲೆಬರಹದ ಅರ್ಥವೇ ‘ಕಳೆದುಹೋದ ಮನೆಗಾಗಿ ಶೋಕ’. 250 ಹೆಂಗಸರಲ್ಲಿ ನೂರಕ್ಕೆ 26 ಮಂದಿ ಎರಡು ವರ್ಷದ ಮೇಲೂ ದುಃಖದಲ್ಲೇ ಇದ್ದರು. ಇನ್ನು ನೂರಕ್ಕೆ 20 ಮಂದಿ ಆರು ತಿಂಗಳಿಂದ ಎರಡು ವರ್ಷದವರೆಗೆ ದುಃಖ ಅನುಭವಿಸಿದ್ದರು. ಎರಡೂ ಸೇರಿ ಹತ್ತಿರ ಹತ್ತಿರ ಅರ್ಧ. 316 ಗಂಡಸರಲ್ಲಿ ದೀರ್ಘ ದುಃಖದ ಪ್ರಮಾಣ ನೂರಕ್ಕೆ 38. ಕೇರಿ ತಮಗೆ ತುಂಬಾ ಇಷ್ಟ ಎಂದು ಮೊದಲೇ ಹೇಳಿದ್ದವರಲ್ಲಿ ಈ ಪ್ರಮಾಣ ನೂರಕ್ಕೆ 73.

ಇವರು ಮಾನಸಿಕ ರೋಗಿಗಳಲ್ಲ. ದುಡಿದು ತಿನ್ನುವ ಸಾಮಾನ್ಯ ಜನ. ಕೆಲವರು ಮೊದಲಿಗಿಂತ ಒಳ್ಳೆಯ ಮನೆಗೇ ಹೋಗಿದ್ದರು. ಆದರೂ ಅವರ ಮಾತು, ಅವರ ದೇಹದ ತೊಂದರೆಗಳು, ಹಿಂದಿನದನ್ನೇ ಹಂಬಲಿಸುವ ರೀತಿ ಎಲ್ಲವೂ ಮನೆಯಲ್ಲಿ ಸಾವಾದವರ ಹಾಗೇ ಇದ್ದವು ಎಂದು ಫ್ರೀಡ್ ಬರೆದರು.

ಮನೆ ಎಂದರೆ ಎಲ್ಲಿಯವರೆಗೆ?

ಯಾಕೆ ಹೀಗೆ? ಫ್ರೀಡ್ ಕೊಟ್ಟ ಉತ್ತರ ನಮ್ಮ ಓಣಿಗಳಲ್ಲಿ ಬೆಳೆದವರಿಗೆ ಹೊಸದಲ್ಲ. ಅನುಕೂಲಸ್ಥರ ಬಡಾವಣೆಯಲ್ಲಿ ಮನೆ ಎಂದರೆ ಬಾಗಿಲಿನಿಂದ ಒಳಗೆ. ವೆಸ್ಟ್ ಎಂಡಿನಂಥ ಕೇರಿಯಲ್ಲಿ ಮನೆ ಬಾಗಿಲಿಗೆ ಮುಗಿಯುವುದಿಲ್ಲ. ಮೆಟ್ಟಿಲು, ಬೀದಿ, ಮೂಲೆಯ ಅಂಗಡಿ, ಎದುರುಮನೆಯ ಕಿಟಕಿ, ಎಲ್ಲವೂ ಮನೆಯೇ. ಒಳಗಿನ ಎರಡು ಕೋಣೆ ಕೊಟ್ಟು ಹೊರಗಿನದನ್ನೆಲ್ಲ ಕಿತ್ತುಕೊಂಡರೆ ಕೊಟ್ಟದ್ದು ಮನೆಯಲ್ಲ, ಬರೀ ಕೋಣೆ.

ಈ ಮಾತನ್ನು ಆರೋಗ್ಯದ ಲೆಕ್ಕಕ್ಕೆ ತಂದು ನೋಡಿ. ಹಳೆಯ ಓಣಿಯಲ್ಲಿ ಮುದುಕಿಯೊಬ್ಬಳು ಬೆಳಿಗ್ಗೆ ಕಸ ಗುಡಿಸಲು ಹೊರಗೆ ಬರದಿದ್ದರೆ ಎದುರುಮನೆಯವರು ಬಂದು ಬಾಗಿಲು ತಟ್ಟುತ್ತಾರೆ. ಬಾಣಂತಿಯ ಕೂಸಿಗೆ ಜ್ವರ ಬಂದರೆ ನಾಲ್ಕು ಮನೆಯ ಅಜ್ಜಿಯರು ಹಣೆ ಮುಟ್ಟಿ ನೋಡುತ್ತಾರೆ. ತಿಂಗಳ ಕೊನೆಯಲ್ಲಿ ಅಂಗಡಿಯವ ಸಾಲ ಕೊಡುತ್ತಾನೆ, ಔಷಧದ ಅಂಗಡಿಯವ ಗುಳಿಗೆ ಕೊಟ್ಟು ಆಮೇಲೆ ಕೊಡಿ ಎನ್ನುತ್ತಾನೆ. ದಿನಕ್ಕೆ ಎರಡು ಸಲ ಗುಡಿಗೆ, ಬಜಾರಕ್ಕೆ ಓಡಾಡಿದರೆ ಅದೇ ವ್ಯಾಯಾಮ. ಇದ್ಯಾವುದನ್ನೂ ನಾವು ಆರೋಗ್ಯ ಸೇವೆ ಎಂದು ಕರೆಯುವುದಿಲ್ಲ, ಬಜೆಟ್ಟಿನಲ್ಲಿ ಬರೆಯುವುದಿಲ್ಲ. ಓಣಿ ಚದುರಿದ ದಿನ ಇದೆಲ್ಲ ಒಮ್ಮೆಲೇ ನಿಲ್ಲುತ್ತದೆ. ಅದರ ಜೊತೆಗೆ ಸಾಲದ ಚಿಂತೆ, ಮಕ್ಕಳ ಹೊಸ ಶಾಲೆ, ಕೆಲಸಕ್ಕೆ ದೂರದ ಪ್ರಯಾಣ. ಚಿಂತೆ ಬಹುಕಾಲ ನಿಂತರೆ ದೇಹ ಸದಾ ಅಪಾಯದಲ್ಲಿದ್ದಂತೆ ವರ್ತಿಸುತ್ತದೆ. ನಿದ್ದೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ, ಸಕ್ಕರೆ ಕಾಯಿಲೆ ಹತೋಟಿ ತಪ್ಪುತ್ತದೆ. ದುಃಖ ಮನಸ್ಸಿನದು, ಕಾಯಿಲೆ ದೇಹದ್ದು ಎಂಬ ಗೋಡೆ ನಾವು ಕಟ್ಟಿಕೊಂಡದ್ದು. ದೇಹಕ್ಕೆ ಆ ಗೋಡೆ ಗೊತ್ತಿಲ್ಲ.

ಹರ್ಬರ್ಟ್ ಗ್ಯಾನ್ಸ್ ಎಂಬ ಸಮಾಜಶಾಸ್ತ್ರಜ್ಞರು 1957ರ ಅಕ್ಟೋಬರಿನಿಂದ 1958ರ ಮೇವರೆಗೆ ವೆಸ್ಟ್ ಎಂಡಿನಲ್ಲೇ ಬಾಡಿಗೆಗಿದ್ದು ಅದರ ಕೊನೆಯ ದಿನಗಳನ್ನು ಕಂಡರು. 1962ರಲ್ಲಿ ‘ದಿ ಅರ್ಬನ್ ವಿಲೇಜರ್ಸ್’ ಎಂಬ ಪುಸ್ತಕ ಬರೆದರು. ಹೆಸರೇ ಹೇಳುವಂತೆ, ನಗರದೊಳಗಿನ ಹಳ್ಳಿಗರು. ಅದು ಕೊಳಚೆಯಲ್ಲ, ಕಡಿಮೆ ಬಾಡಿಗೆಯ ಕೇರಿ ಎಂಬುದು ಅವರ ವಾದ. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಕೊಳಚೆ ಅಲ್ಲಿರುವವರಿಗೆ ಹಾನಿ ಮಾಡುತ್ತದೆ; ಕಡಿಮೆ ಬಾಡಿಗೆಯ ಕೇರಿ ಅಲ್ಲಿರುವವರನ್ನು ಬದುಕಿಸುತ್ತದೆ. ಹೊರಗಿನಿಂದ ಕಾರಿನಲ್ಲಿ ಹೋಗುವವರಿಗೆ ಮಾತ್ರ ಎರಡೂ ಒಂದೇ ರೀತಿ ಕಾಣುತ್ತವೆ. ಆ ಕೇರಿಯ ಪರವಾಗಿ ಮಾತಾಡಿದ ಗ್ಯಾನ್ಸ್ 2025ರಲ್ಲಿ, 97ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಉಳಿದುಕೊಂಡ ನೆರೆಕೇರಿ

ಮಧ್ಯಾಹ್ನ ಹಸಿವಾಯಿತು. ಮಗಳು ನಮ್ಮನ್ನು ನಾರ್ತ್ ಎಂಡಿಗೆ ಕರೆದುಕೊಂಡು ಹೋದಳು. ಹೆಸರೇ ಹೇಳುವಂತೆ ಉತ್ತರದ ತುದಿ. ಅದೂ ಇಟಲಿಯವರ ಕೇರಿ. ಹ್ಯಾನೋವರ್ ಸ್ಟ್ರೀಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತ ಮುದುಕರು, ಸಿಹಿತಿಂಡಿಗೆ ಸಾಲು ನಿಂತ ಪ್ರವಾಸಿಗಳು, ಮೇಲಿನ ಕಿಟಕಿಯಿಂದ ಕೆಳಗಿನವರೊಡನೆ ಮಾತು. ನಮಗೆ ಮಾಂಸವಿಲ್ಲದ ತಿಂಡಿ ಹುಡುಕುವುದು ಕಷ್ಟವಾಗಲಿಲ್ಲ. ಚೀಸು, ಟೊಮೆಟೊ ಹಾಕಿದ ರೊಟ್ಟಿ ತಿಂದು ಕಾಫಿ ಕುಡಿದೆವು.

1950ರ ದಶಕದಲ್ಲಿ ನಾರ್ತ್ ಎಂಡನ್ನೂ ನಗರ ಯೋಜಕರು ಕೊಳಚೆ ಎಂದೇ ಕರೆಯುತ್ತಿದ್ದರು. ಜೇನ್ ಜೇಕಬ್ಸ್ ಎಂಬ ಲೇಖಕಿ 1959ರಲ್ಲಿ ಇಲ್ಲಿಗೆ ಬಂದು, ಬೀದಿಯ ಲವಲವಿಕೆ ಕಂಡು ಬೆರಗಾಗಿ, ಪರಿಚಯದ ಯೋಜಕರೊಬ್ಬರಿಗೆ ಫೋನ್ ಮಾಡಿದರು. ಅದು ಕೊಳಚೆಯಲ್ಲವೇ ಎಂದ ಆತನೇ ಅಂಕಿಸಂಖ್ಯೆ ತೆಗೆದು ನೋಡಿ ಗೊಂದಲಕ್ಕೆ ಬಿದ್ದರು. ಸಾವಿರಕ್ಕೆ 8.8 ಸಾವು, ಇಡೀ ನಗರದ ಸರಾಸರಿ 11.2. ಕ್ಷಯದಿಂದ ಸಾಯುವವರು ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಶ್ರೀಮಂತರ ಬ್ರೂಕ್‌ಲೈನಿಗಿಂತಲೂ ಕಡಿಮೆ! 1961ರಲ್ಲಿ ಬಂದ ತಮ್ಮ ಹೆಸರಾಂತ ಪುಸ್ತಕದಲ್ಲಿ ಜೇಕಬ್ಸ್ ಈ ಪ್ರಸಂಗ ಬರೆದಿದ್ದಾರೆ. ನಾರ್ತ್ ಎಂಡ್ ಉಳಿಯಿತು. ಇವತ್ತು ಅಲ್ಲಿ ಒಂದು ಮನೆ ಕೊಳ್ಳುವುದು ಸಾಮಾನ್ಯರ ಮಾತಲ್ಲ. ಎರಡು ಕೇರಿಗಳು, ಒಂದೇ ಬಗೆಯ ಜನ, ಒಂದೇ ಬಗೆಯ ಇಟ್ಟಿಗೆ. ಒಂದು ಪ್ರವಾಸಿಗರ ಪಟ್ಟಿಯಲ್ಲಿದೆ, ಇನ್ನೊಂದು ಸಂಗ್ರಹಾಲಯದಲ್ಲಿದೆ.

ವೆಸ್ಟ್ ಎಂಡಿನವರಿಗೆ ಪತ್ರಿಕೆ ಮಾಡಲು, ಸಂಗ್ರಹಾಲಯ ಕಟ್ಟಲು ಆಯಿತು. ಅಷ್ಟೂ ಆಗದವರು ಅಮೆರಿಕದಲ್ಲಿ ಲಕ್ಷಾಂತರ. 1949ರ ಕಾಯ್ದೆಯ ಕೆಳಗೆ 993 ನಗರಗಳಲ್ಲಿ ಎರಡೂವರೆ ಸಾವಿರ ಯೋಜನೆಗಳು ನಡೆದವು. ಸುಮಾರು ಹತ್ತು ಲಕ್ಷ ಜನ ಎದ್ದುಹೋದರು. ಅವರಲ್ಲಿ ಕಪ್ಪು ಜನರ ಪಾಲು ಬಹಳ ದೊಡ್ಡದು. ಮಿಂಡಿ ಫುಲಿಲವ್ ಎಂಬ ಮನೋವೈದ್ಯೆ ಇಂಥವರ ಕಥೆ ಕೇಳಿ 2004ರಲ್ಲಿ ಒಂದು ಪುಸ್ತಕ ಬರೆದರು. ಕಿತ್ತು ಬೇರೆಡೆ ನೆಟ್ಟ ಗಿಡದ ಬೇರಿಗೆ ಆಗುವ ಆಘಾತವನ್ನು ಅವರು ಈ ಜನರಿಗಾದ ಆಘಾತಕ್ಕೆ ಹೋಲಿಸಿದರು. ತೋಟಗಾರಿಕೆ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಸಸಿಯನ್ನು ಕೀಳುವಾಗ ಬೇರಿನ ಸುತ್ತಲಿನ ಮಣ್ಣನ್ನೂ ಹೆಂಟೆಯಾಗಿಯೇ ತೆಗೆಯಬೇಕು. ಬೇರು ಬೋಳಾದರೆ ಎಷ್ಟು ನೀರು ಹಾಕಿದರೂ ಎಲೆ ಬಾಡುತ್ತದೆ.

ಎಲ್ಲ ಸ್ಥಳಾಂತರವೂ ಕೆಟ್ಟದ್ದೇ?

ಕಾಫಿ ಕುಡಿಯುತ್ತ ಮಗಳನ್ನು ಕೇಳಿದೆ: ಹಾಗಾದರೆ ಜನ ಇದ್ದಲ್ಲೇ ಇರಬೇಕೆ? ಹಳೆ ಬಾಗಲಕೋಟೆಯ ತೆರೆದ ಚರಂಡಿಯ ಪಕ್ಕ, ಸೊಳ್ಳೆಯ ನಡುವೆ? ನೀನೇ ಊರು ಬಿಟ್ಟು ಸಾವಿರಾರು ಮೈಲಿ ಬಂದಿಲ್ಲವೇ?

ಅವಳು ನಕ್ಕಳು. ಇನ್ನೊಂದು ಅಧ್ಯಯನದ ಮಾತು ಹೇಳಿದಳು. 1994ರಿಂದ 1998ರವರೆಗೆ ಬಾಸ್ಟನ್ ಸೇರಿ ಅಮೆರಿಕದ ಐದು ನಗರಗಳಲ್ಲಿ ಬಡ ಸರ್ಕಾರಿ ವಸತಿಗಳಲ್ಲಿದ್ದ 4,498 ಕುಟುಂಬಗಳು ಒಂದು ಪ್ರಯೋಗಕ್ಕೆ ಹೆಸರು ಕೊಟ್ಟವು. ಚೀಟಿ ಎತ್ತಿ ಕೆಲವರಿಗೆ ಬಡತನ ಕಡಿಮೆಯಿರುವ ಬಡಾವಣೆಗೆ ಹೋಗಲು ಬಾಡಿಗೆಯ ನೆರವು ಕೊಟ್ಟರು. ಹತ್ತು, ಹದಿನೈದು ವರ್ಷಗಳ ಮೇಲೆ ನೋಡಿದಾಗ, ಆ ನೆರವು ಸಿಕ್ಕ ಹೆಂಗಸರಲ್ಲಿ ಅತಿ ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಸಿಗದವರಿಗಿಂತ ಕಡಿಮೆ ಇತ್ತು. 2011ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅಂದರೆ ಒಳ್ಳೆಯ ಜಾಗಕ್ಕೆ ಹೋಗುವುದು ಆರೋಗ್ಯಕ್ಕೆ ಒಳ್ಳೆಯದೇ.

‘ಆದರೆ ಅಪ್ಪಾ, ಅವರು ತಾವೇ ಹೆಸರು ಕೊಟ್ಟವರು. ನಾನು ಬಂದದ್ದೂ ನಾನೇ ಬಯಸಿ. ನನಗೆ ವಾಪಸು ಹೋಗಲು ಊರಿದೆ. ಅಜ್ಜಿಗೆ ಎರಡೂ ಇರಲಿಲ್ಲ.’

ಇಷ್ಟು ಸರಳ ಮಾತು ನನಗೆ ಇಪ್ಪತ್ತು ವರ್ಷಗಳಲ್ಲಿ ಹೊಳೆದಿರಲಿಲ್ಲ.

ಅಣೆಕಟ್ಟು ಬೇಡವೆಂದು ನಾನು ಹೇಳಲಾರೆ. ಆ ನೀರು ಎಷ್ಟೋ ಹೊಲಗಳನ್ನು ಹಸಿರು ಮಾಡಿದೆ. ನಗರಗಳಲ್ಲಿ ರಸ್ತೆ, ಮೆಟ್ರೊ, ಒಳಚರಂಡಿ ಬೇಕು. ಅದಕ್ಕೆ ಯಾರೋ ಜಾಗ ಬಿಡಬೇಕು. ಆದರೆ ಬಿಡುವವರಿಗೆ ನಾವು ಕೊಡುವ ಲೆಕ್ಕದಲ್ಲಿ ಏನೇನಿದೆ ನೋಡಿ: ನಿವೇಶನದ ಅಳತೆ, ಗೋಡೆಯ ಬೆಲೆ, ಬಾಗಿಲಿನ ಬೆಲೆ. 2013ರ ನಮ್ಮ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನ ಬೇಕು ಎನ್ನುತ್ತದೆ; ಜೀವನೋಪಾಯ, ರಸ್ತೆ, ಕುಡಿಯುವ ನೀರು, ಶಾಲೆ, ಆಸ್ಪತ್ರೆಗಳ ಮೇಲಿನ ಪರಿಣಾಮ ನೋಡಿ ಎನ್ನುತ್ತದೆ. ಅದು ಒಳ್ಳೆಯ ಹೆಜ್ಜೆ. ಅದಕ್ಕೆ ಇನ್ನೊಂದು ಸಾಲು ಸೇರಬೇಕು ಎನಿಸುತ್ತದೆ. ಎದುರುಬದುರು ಇದ್ದ ಮನೆಗಳನ್ನು ಹೊಸ ಜಾಗದಲ್ಲೂ ಎದುರುಬದುರೇ ಇಡಲು ಸಾಧ್ಯವೇ? ಲಾಟರಿ ಎತ್ತಿ ನಿವೇಶನ ಹಂಚುವ ಬದಲು ಓಣಿಗೆ ಓಣಿಯನ್ನೇ ಸಾಗಿಸಲು ಸಾಧ್ಯವೇ? ಮಣ್ಣಿನ ಹೆಂಟೆಯ ಸಮೇತ ಸಸಿ ಕೀಳುವುದು ಎಂದರೆ ಇದೇ. ಇದಕ್ಕೆ ಹೆಚ್ಚು ಹಣ ಬೇಡ; ಕೇಳಿ ತಿಳಿಯುವ ವ್ಯವಧಾನ ಬೇಕು.

ಬಾಸ್ಟನ್ನಿಗೂ ಆ ವ್ಯವಧಾನ ಬಂದದ್ದು ತಡವಾಗಿ. 2015ರಲ್ಲಿ ಅಲ್ಲಿನ ನಗರಾಭಿವೃದ್ಧಿ ಸಂಸ್ಥೆಯ ಮುಖ್ಯಸ್ಥರು ವೆಸ್ಟ್ ಎಂಡ್ ಜನರ ಕ್ಷಮೆ ಕೇಳಿದರು. ಕೇರಿ ಬಿದ್ದು ಅರ್ಧ ಶತಮಾನ ದಾಟಿತ್ತು. ಮನೆ ಬಿಟ್ಟಾಗ ತಾಯಂದಿರಾಗಿದ್ದವರಲ್ಲಿ ಆ ಮಾತು ಕೇಳಲು ಎಷ್ಟು ಮಂದಿ ಉಳಿದಿದ್ದರೋ.

ಸಂಜೆಯ ನಡಿಗೆ

ಹಿಂತಿರುಗುವಾಗ ಮತ್ತೆ ಅದೇ ದಾರಿಯಲ್ಲಿ ಬಂದೆವು. ಹಳೆಯ ವೆಸ್ಟ್ ಎಂಡಿನ ಅಂಚಿನಲ್ಲಿ ದೊರಗು ಕಾಂಕ್ರೀಟಿನ ಭಾರೀ ಕಟ್ಟಡವೊಂದಿದೆ. ಅದೂ ನಗರ ನವೀಕರಣದ ಕಾಲದ್ದೇ, 1971ರದು. ಅಲ್ಲಿನ ಮಾನಸಿಕ ಆರೋಗ್ಯ ಕೇಂದ್ರಕ್ಕೆ ಎರಿಕ್ ಲಿಂಡೆಮನ್ನರ ಹೆಸರನ್ನೇ ಇಟ್ಟರು. ಮನೆ ಕೆಡವಿದರೆ ಮನುಷ್ಯ ಕಾಯಿಲೆ ಬೀಳುತ್ತಾನೆ ಎಂದು ತೋರಿಸಿದವರ ಹೆಸರು, ಮನೆ ಕೆಡವಿದ ಕಾಲದ ಕಟ್ಟಡದ ಮೇಲೆ! ಹೆಂಡತಿ ‘ನಮ್ಮಲ್ಲೂ ಹೀಗೇ ಅಲ್ಲವೇ, ಕೆರೆ ಮುಚ್ಚಿ ಕೆರೆಯ ಹೆಸರಿನ ಬಡಾವಣೆ’ ಎಂದಳು.

ಲೊಮಾಸ್ನಿ ಬೀದಿಯ ಒಂಟಿ ಮನೆಯಲ್ಲಿ ಆಗ ದೀಪ ಹತ್ತಿತ್ತು. ಮೇಲಿನ ಕಿಟಕಿಯಲ್ಲಿ ಯಾರೋ ಪರದೆ ಎಳೆದರು. ಯಾರಿದ್ದಾರೋ, ಅಕ್ಕಪಕ್ಕ ಮಾತಾಡಲು ಯಾರೂ ಇಲ್ಲದ ಮನೆಯಲ್ಲಿ.

ನನ್ನ ತಾಯಿ ಊರು ಬಿಟ್ಟದ್ದರಿಂದಲೇ ತೀರಿಕೊಂಡಳು ಎಂದು ನಾನು ಹೇಳುವುದಿಲ್ಲ. ಆಕೆಗೆ ಎಪ್ಪತ್ತರ ಮೇಲಾಗಿತ್ತು. ಆದರೆ ಆಕೆಯ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಸುಳ್ಳಾಗಿರಲಿಲ್ಲ ಎಂಬುದು ನನಗೆ ಅಷ್ಟು ದೂರ ಹೋದ ಮೇಲೆ ತಿಳಿಯಿತು. ಅದಕ್ಕೊಂದು ಹೆಸರಿತ್ತು, ನಾವು ಯಾರೂ ಆ ಹೆಸರು ಹಿಡಿದು ಕರೆಯಲಿಲ್ಲ. ದಿನಕ್ಕೊಂದು ಸಲ ಆಕೆಯ ಗೆಳತಿಯರಲ್ಲಿ ಒಬ್ಬರ ಮನೆಗೆ ಕರೆದುಕೊಂಡು ಹೋಗಿ ಬಿಟ್ಟು ಬಂದಿದ್ದರೆ ಅದೂ ಔಷಧವಾಗುತ್ತಿತ್ತೋ ಏನೋ. ಎಲ್ಲರೂ ಅದೇ ನವನಗರದಲ್ಲೇ ಇದ್ದರು, ಬೇರೆಬೇರೆ ಸೆಕ್ಟರುಗಳಲ್ಲಿ.

ಊರಿಗೆ ಬಂದ ಮೇಲೆ ಒಂದು ಕೆಲಸ ಶುರುಮಾಡಿದ್ದೇನೆ. ಡ್ರಾಯಿಂಗ್ ಹಾಳೆಯ ಮೇಲೆ ನಮ್ಮ ಹಳೆಯ ಓಣಿಯ ನಕ್ಷೆ ಬರೆಯುತ್ತಿದ್ದೇನೆ. ಯಾವ ಮನೆ ಯಾರದು, ಬಾವಿ ಎಲ್ಲಿತ್ತು, ಬೇವಿನ ಗಿಡ ಎಲ್ಲಿತ್ತು, ಹೋಳಿಯ ಬಣ್ಣದ ಬಂಡಿ ಎಲ್ಲಿ ತಿರುಗುತ್ತಿತ್ತು. ನೆನಪು ಕೈಕೊಟ್ಟಲ್ಲಿ ಹಳೆಯ ನೆರೆಯವರ ಮನೆಗೆ ಹೋಗಿ ಕೇಳುತ್ತೇನೆ. ನಮ್ಮ ಪಕ್ಕದ ಮನೆಯಲ್ಲಿದ್ದ, ಈಗ ತೊಂಬತ್ತರ ಹತ್ತಿರದ ಅಜ್ಜಿ ಹಾಳೆ ನೋಡಿ ಮೊದಲು ಸುಮ್ಮನಾದರು. ಆಮೇಲೆ ಬೆರಳಿಟ್ಟು, ‘ಇದು ನಿಮ್ಮ ಕಟ್ಟಿ. ಇಲ್ಲಿ ನಿಮ್ಮವ್ವ ಕುಂದರತಿದ್ಲು, ಇಲ್ಲಿ ನಾ’ ಎಂದರು. ಒಂದು ತಾಸು ಮಾತಾಡಿದರು. ಅವರ ಸೊಸೆ, ‘ಅತ್ತಿ ಇಷ್ಟು ಮಾತಾಡಿ ಎಷ್ಟ ದಿನ ಆಗಿತ್ತೋ’ ಎಂದಳು.

ಇದನ್ನು ಓದುತ್ತಿರುವ ಮಕ್ಕಳೇ, ನಿಮ್ಮ ಮನೆಯಲ್ಲೂ ಊರು ಬಿಟ್ಟು ಬಂದ ಅಜ್ಜ, ಅಜ್ಜಿ ಇರಬಹುದು. ಕೆರೆಗೋ, ರಸ್ತೆಗೋ, ಕಾರ್ಖಾನೆಗೋ ಮನೆ ಕೊಟ್ಟವರಿರಬಹುದು. ರಜೆಯ ಒಂದು ಮಧ್ಯಾಹ್ನ ಹಾಳೆ, ಪೆನ್ಸಿಲು ಹಿಡಿದು ಅವರ ಮುಂದೆ ಕೂತು ನೋಡಿ. ನಿಮ್ಮ ಮನೆಯ ಎದುರಿಗೆ ಯಾರಿದ್ದರು ಎಂದು ಒಂದೇ ಪ್ರಶ್ನೆ ಕೇಳಿ. ಮುಂದಿನದನ್ನು ಅವರೇ ಹೇಳುತ್ತಾರೆ.